ಗೋಡೆಗೆ ಮೆತ್ತಿದ ಸೌತೆಬೀಜ

ಮನೆಗೆ ಬಣ್ಣ ಬಳಿಸಲು ಹೊರಟರೆ ಮನೆಯ ಮಾನವೆಲ್ಲ ಅಂಗಳಕ್ಕೆ ಬರುತ್ತದೆ. ಇದು ನನ್ನ ಅನುಭವದ ಮಾತು. ನಿಮ್ಮದು ಬೇರೆ ಇದ್ದರೆ ನೀವು ಪುಣ್ಯವಂತರು. ನಮ್ಮ ಹಳ್ಳಿ ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಮನೆಯ ಮುಂದಿನ ಭಾಗಕ್ಕೆ ಸ್ಲ್ಯಾಬು ಬಿದ್ದಿದೆ, ಹಿಂದಿನ ಪಡಸಾಲೆ ಮಾತ್ರ ಇನ್ನೂ ಮಣ್ಣಿನ ಗೋಡೆಯದು. ಕಳೆದ ಬೇಸಿಗೆಯಲ್ಲಿ ಆ ಪಡಸಾಲೆಗೂ ಕೆನೆಬಣ್ಣ ಆಗಲೇಬೇಕೆಂದು ನನ್ನ ಹೆಂಡತಿ ಶಕುಂತಲಾ ಹಟ ಹಿಡಿದಳು. ಬಣ್ಣದ ಬಸು ಬಂದ. ಕಾಳು ತುಂಬುವ ದೊಡ್ಡ ಕಟ್ಟಿಗೆಯ ಪೆಟ್ಟಿಗೆಯನ್ನು ಅವನೂ ನಾನೂ ಉಸಿರು ಬಿಗಿಹಿಡಿದು ಸರಿಸಿದೆವು. ಅದರ ಹಿಂದೆ ಸಿಕ್ಕದ್ದು ಹಲ್ಲು ಮುರಿದ ಬಾಚಣಿಗೆ, ಬೆಕ್ಕೇ ಒಯ್ದಿದೆ ಎಂದು ನಾನು ಎಲ್ಲರ ಮುಂದೆ ಸಾಧಿಸಿದ್ದ ನನ್ನ ಕನ್ನಡಕ, ಮಗಳ ಲೂಡೋ ಆಟದ ದಾಳ, ಮತ್ತು ಗೋಡೆಗೆ ಮೆತ್ತಿಕೊಂಡಿದ್ದ ಅಂಗೈಯಗಲದ ಒಂದು ಒಣ ಸಗಣಿಯ ತಟ್ಟು.

"ಇದನ್ನ ಕೆರದು ತಗೀಲ್ರಿ ಸರ?" ಎಂದು ಬಸು ಕೆರೆಯುವ ಪಟ್ಟಿ ಎತ್ತಿದ.

"ಕೇಳೂದೇನೈತೋ, ಕೆರಿ" ಎಂದೆ ನಾನು, ಕನ್ನಡಕ ಒರೆಸುತ್ತ.

ಅಡುಗೆಮನೆಯಿಂದ ಅವ್ವ ಬಂದದ್ದು ಕಾಣಲಿಲ್ಲ, ಕೇಳಿಸಿತು. "ಏ ಬಸ್ಯಾ! ಕೈ ತಗೀಲೇ ಮದ್ಲ! ಮುಟ್ಟಿದ್ರ ನೋಡು!" ಬಸುವಿನ ಕೈಯಿಂದ ಪಟ್ಟಿ ಕೆಳಗೆ ಬಿತ್ತು. ಅವ್ವ ನೀಲವ್ವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಆದರೂ ಆ ಹೊತ್ತು ಆಕೆ ಗೋಡೆಯ ಬುಡಕ್ಕೆ ಬಂದು ಕೂತ ವೇಗಕ್ಕೆ ನಾವಿಬ್ಬರೂ ದಾರಿ ಬಿಟ್ಟೆವು. ತಟ್ಟಿನ ಅಂಚಿನಲ್ಲಿ ನಾಲ್ಕು ಬೆರಳಿನ ಗುಳಿಗಳಿದ್ದವು. ಆಕೆ ತನ್ನ ನಾಲ್ಕು ಬೆರಳನ್ನು ಅವುಗಳಲ್ಲಿ ಒಂದೊಂದಾಗಿ ಇಟ್ಟಳು. ಸರಿಯಾಗಿ ಕೂತವು.

"ನಮ್ಮವ್ವನ ಕೈ" ಎಂದಳು.

ಹಳ್ಳಿಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸೌತೆ, ಹೀರೆ, ಕುಂಬಳದ ಬೀಜ ಕಾಪಿಡುವ ರೀತಿ ಇದು. ಹಣ್ಣಾದ ಕಾಯಿಯ ಬೀಜ ತೊಳೆದು, ಒಣಗಿಸಿ, ಹಸಿ ಸಗಣಿಗೆ ಬೂದಿ ಕಲಸಿ ಅದರಲ್ಲಿ ಬೀಜ ಸೇರಿಸಿ ಗೋಡೆಗೆ ತಟ್ಟಿಬಿಡುತ್ತಾರೆ. ಇಲಿ ಮುಟ್ಟುವುದಿಲ್ಲ, ಹುಳ ಹತ್ತುವುದಿಲ್ಲ. ಮಳೆ ಬಿದ್ದ ಮೇಲೆ ತಟ್ಟು ಒಡೆದು ಬೀಜ ಬಿಡಿಸಿಕೊಂಡು ಹೊಲಕ್ಕೆ ಹೋಗುತ್ತಾರೆ. ಹೆಸರಿನ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಊರಿದರೆ, ಕಳೆ ತೆಗೆಯಲು ಹೋದ ಹೆಂಗಸರಿಗೆ ಬಾಯಾರಿದಾಗ ಕೈಗೆ ಸಿಗುವಂತೆ ಕಾಯಿ ಬಿಡುತ್ತದೆ.

ನನ್ನ ಅಜ್ಜಿ, ಅಂದರೆ ಅವ್ವನ ತಾಯಿ ಯಲ್ಲವ್ವ, ಅಣ್ಣಿಗೇರಿ ಕಡೆಯವಳು. ಆಕೆಯ ಹೊಲದ ಸೌತೆಗೆ ಊರಲ್ಲಿ ಯಲ್ಲವ್ವನ ಸೌತಿ ಎಂದೇ ಹೆಸರು. ಗಿಡ್ಡ, ದುಂಡು, ಬೆಳ್ಳಗೆ, ಬೆನ್ನ ಮೇಲೆ ತಿಳಿಹಸಿರು ಗೆರೆ. ತೊಟ್ಟಿನ ಕಡೆ ಸಿಹಿ, ತುದಿಯ ಕಡೆ ಎಳೆ ಹುಣಸೆಯಷ್ಟು ಹುಳಿ. ಕಾಯಿ ಮುರಿದರೆ ಪಕ್ಕದ ಮನೆಯವರು "ಸೌತಿಕಾಯಿ ತಿನ್ನಾಕತ್ತೀರೇನು?" ಎಂದು ಕೂಗುವಷ್ಟು ವಾಸನೆ. ನಾನು ಬಾಲ್ಯದಲ್ಲಿ ಅದನ್ನು ಎಷ್ಟು ತಿಂದಿದ್ದೇನೆಂದರೆ, ಈಗಿನ ನನ್ನ ಹೊಟ್ಟೆಯ ಮುಂಭಾಗದಲ್ಲಿ ಅದರದೂ ಒಂದು ಪಾಲು ಇದೆ.

ಆ ತಳಿ ಹೋಯಿತು. ಹೋದ ರೀತಿ ಕೇಳಿದರೆ ನಗುತ್ತೀರಿ. ಅಜ್ಜಿ ತೀರಿಕೊಂಡ ವರ್ಷ ದುಃಖದಲ್ಲಿ ಯಾರೂ ಸೌತೆ ಊರಲಿಲ್ಲ. ಮರುವರ್ಷ ನಮ್ಮವ್ವ "ಗಂಗವ್ವನ ಮನ್ಯಾಗ ಇದ್ದ ಇರತೈತಿ" ಎಂದುಕೊಂಡಳು. ಗಂಗವ್ವ ಎಂದರೆ ಅವ್ವನ ತಂಗಿ, ನನ್ನ ಚಿಗವ್ವ. ಕಲಘಟಗಿ ತಾಲೂಕಿನ ದುಮ್ಮವಾಡಕ್ಕೆ ಕೊಟ್ಟಿದ್ದಾರೆ. ಆಕೆ "ಅಕ್ಕನ ಹತ್ರ ಇಲ್ಲದ ಏನು" ಎಂದುಕೊಂಡಳು. ಸೋದರಮಾವ "ಇಬ್ಬರೂ ಹೆಣ್ಣಮಕ್ಕಳ ಹತ್ರ ಅದಾವ" ಎಂದು ಅಂಗಡಿಯ ಪಾಕೀಟು ತಂದು ಊರಿದ. ಎಲ್ಲೋ ಒಬ್ಬರ ಮನೆಯಲ್ಲಾದರೂ ಇರುತ್ತದೆ ಎಂದು ಎಲ್ಲರೂ ನಂಬಿದರು. ಯಾರ ಮನೆಯಲ್ಲೂ ಇಲ್ಲದಿರಬಹುದು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ. ಗೊತ್ತಾದ ದಿನ ಅಕ್ಕತಂಗಿಯರಿಬ್ಬರೂ ಫೋನಿನಲ್ಲಿ ಅತ್ತರು. ಅಂದಿನಿಂದ ಅವ್ವ ಸೌತೆಕಾಯಿ ಬಾಯಿಗೆ ಹಾಕಿಲ್ಲ. ಸಂತೆಯದನ್ನು ತಂದರೆ "ಇದೇನ್ ಸೌತಿಕಾಯೇನು, ನೀರಿನ ಬಾಟ್ಲಿ" ಎಂದು ಎಮ್ಮೆಗೆ ಹಾಕುತ್ತಿದ್ದಳು. ತನ್ನ ತಾಯಿಯದೆಂದು ಆಕೆಗೆ ಉಳಿದಿದ್ದದ್ದು ಅದೊಂದೇ ರುಚಿ. ಅದನ್ನೂ ತಾನೇ ಕಳೆದುಕೊಂಡೆ ಎಂಬ ಸಂಕಟ ಅವಳದು.

ಈಗ ನೋಡಿದರೆ, ನನ್ನ ಮಗಳ ತೊಟ್ಟಿಲ ಕಾರ್ಯಕ್ಕೆ ಬಂದಿದ್ದ ಅಜ್ಜಿ ಸುಮ್ಮನೆ ಕೂರಲಾಗದೆ ಪಡಸಾಲೆಯ ಗೋಡೆಗೆ ಬೀಜ ತಟ್ಟಿ ಹೋಗಿದ್ದಳು. ಯಾರೋ ಅದರ ಮುಂದೆ ಪೆಟ್ಟಿಗೆ ಇಟ್ಟರು. ಹತ್ತು ಹನ್ನೆರಡು ವರ್ಷ ಬೀಜಗಳು ಕತ್ತಲಲ್ಲಿ ಕೂತವು.

ಅವ್ವ ತಟ್ಟನ್ನು ಗೋಡೆಯಿಂದ ಕೀಳದೆ, ಗೋಣಿಚೀಲ ಹೊಲಿಯುವ ದಬ್ಬಣದಿಂದ ಒಂದೊಂದೇ ಬೀಜ ಬಿಡಿಸಿದಳು. ಟೊಳ್ಳು, ಮುರಿದದ್ದು ತೆಗೆದರೆ ಗಟ್ಟಿ ಬೀಜ ಮೂವತ್ತು. "ಏನೋ ಮಾಸ್ತರ, ಹುಟ್ಟತಾವೇನು ಇವು?" ಎಂದಳು. ನಾನು ನವಲಗುಂದದ ಕಾಲೇಜೊಂದರಲ್ಲಿ ಗಣಿತ ಕಲಿಸುವವನು. ನನ್ನನ್ನು ಏನಾದರೂ ಕೇಳಿದರೆ ನಾನು ಪರೀಕ್ಷೆ ಇಡುತ್ತೇನೆ, ಅದು ನನ್ನ ರೋಗ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಡೋಣ ಎಂದೆ. ಅವ್ವ ಅಗದಿ ಮನಸ್ಸಿಲ್ಲದೆ ಹತ್ತು ಎಣಿಸಿ ಕೊಟ್ಟಳು.

ವಾರ ಕಳೆದ ಮೇಲೆ ಬಟ್ಟೆ ಬಿಚ್ಚಿದೆವು. ಒಂಬತ್ತು ಕೊಳೆತಿದ್ದವು. ಒಂದು ಮಾತ್ರ ಬಾಯಿಬಿಟ್ಟು, ಅಕ್ಕಿಕಾಳಿಗಿಂತ ಸಣ್ಣ ಬಿಳಿಯ ಬೇರು ಇಳಿಸಿತ್ತು. ಅಬ್ಬಾ, ಆ ಬೇರನ್ನು ನೋಡಿ ನನ್ನ ಎದೆ ಝಲ್ಲೆಂದದ್ದು ನಿಜ. ಅಜ್ಜಿ ತೀರಿ ಇಷ್ಟು ವರ್ಷ ಒಣ ಗೋಡೆಯಲ್ಲಿ ಉಸಿರು ಹಿಡಿದು ಕೂತಿದ್ದ ಜೀವ! ಅವ್ವ "ಕೊಡಿಲ್ಲೆ" ಎಂದು ಬಟ್ಟೆ ಎಳೆದಳು, ನಾನು "ತಡಿಬೇ" ಎಂದು ಈ ಕಡೆ ಎಳೆದೆ. ಬೇರು ಬಟ್ಟೆಯ ನೇಯ್ಗೆಯೊಳಗೆ ಹೊಕ್ಕು ಹಿಡಿದಿತ್ತು. ಟಕ್ಕನೆ ಮುರಿಯಿತು. ಆಮೇಲೆ ತಾಯಿ ಮಗ ಏನೇನು ಅಂದುಕೊಂಡೆವು ಎಂಬುದನ್ನು ಪ್ರಬಂಧದಲ್ಲಿ ಬರೆಯಲು ಬರುವುದಿಲ್ಲ.

ಉಳಿದದ್ದು ಇಪ್ಪತ್ತು ಬೀಜ. ಶಕುಂತಲಾ ಸಮಾಧಾನ ಮಾಡಲು ಬಂದಳು. "ಹತ್ತರಾಗ ಒಂದು ಹುಟ್ಟೇತಲ್ಲ. ಅಂದ್ರ ಇಪ್ಪತ್ತರಾಗ ಎರಡು ಹುಟ್ಟಾವ ಬಿಡ್ರಿ. ಅಳೂದ್ಯಾಕ?"

ಈ ಮಾತು ಕೇಳಿದಾಗೆಲ್ಲ ನನಗೆ ನನ್ನ ಲೂಡೋ ದಿನಗಳು ನೆನಪಾಗುತ್ತವೆ. ನನ್ನ ಅಕ್ಕ ಮಹಾ ಆಟಗಾರ್ತಿ. ಆರು ಬೀಳದೆ ಕಾಯಿ ಮನೆಯಿಂದ ಹೊರಡುವಂತಿಲ್ಲ. ನನ್ನ ಕಾಯಿಗಳು ಮನೆಯಲ್ಲೇ ಹಾಸಿಗೆ ಹಾಸಿಕೊಂಡು ಮಲಗಿರುತ್ತಿದ್ದವು. ದಾಳಕ್ಕೆ ಆರು ಮುಖ, ಆರು ಸಲ ಎಸೆದರೆ ಒಂದು ಸಲವಾದರೂ ಆರು ಬೀಳಲೇಬೇಕು ಎಂದು ನನ್ನ ವಾದ. ಬೀಳದಿದ್ದಾಗ ದಾಳದಲ್ಲಿ ಮೋಸವಿದೆ ಎಂದು ಅದನ್ನು ಸಾಲೆಗೇ ಒಯ್ದು ಗಣಿತದ ಮಾಸ್ತರರ ಮುಂದಿಟ್ಟೆ. ಅವರು ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿದರು.

"ಆಗೂದನ್ನ ಎಣಸಾಕ ಹೋದ್ರ ಸಂಜಿ ಆಗತೈತೋ. ಒಮ್ಮೆ ಬೀಳಬಹುದು, ಎರಡು ಸಲ ಬೀಳಬಹುದು, ಮದ್ಲ ಬೀಳಬಹುದು, ಕಡೀಕ ಬೀಳಬಹುದು. ಎಷ್ಟಂತ ಎಣಸ್ತೀ? ಒಮ್ಮೆನೂ ಬೀಳಲಾರದ್ದನ್ನ ಎಣಸು. ಅದನ್ನ ಒಂದರಾಗ ಕಳಿ. ಮನಿಗೆ ಹೋಗು."

ನಾನು ಮನೆಗೆ ಹೋಗಲಿಲ್ಲ, ಅಲ್ಲೇ ಕೂತು ಎಣಿಸಿದೆ. ಒಂದು ಸಲ ಆರು ಬೀಳದಿರುವ ಸಂಭವ ಆರರಲ್ಲಿ ಐದು. ಎರಡು ಸಲವೂ ಬೀಳಬಾರದೆಂದರೆ ಆ ಪಾಲಿನಲ್ಲಿ ಮತ್ತೆ ಆರರಲ್ಲಿ ಐದು ಪಾಲು. ಹೀಗೆ ಆರು ಸಲ ಗುಣಿಸಿಕೊಂಡು ಹೋದರೆ ಉಳಿಯುವುದು ಸುಮಾರು ಮೂರರಲ್ಲಿ ಒಂದು. ಅಂದರೆ ಮೂರು ದಿನಕ್ಕೊಮ್ಮೆ ನಾನು ಆರು ಸಲ ಎಸೆದೂ ಅಳುತ್ತ ಏಳುವುದು ದಾಳದ ಮೋಸವಲ್ಲ, ಲೋಕದ ನಿಯಮ! ನನಗೆ ಅಂದು ಆದ ಬೆರಗು ಇಂದಿಗೂ ಆರಿಲ್ಲ. ಆಮೇಲೆ ಇನ್ನೂ ಒಂದು ಬೆರಗು ಕಂಡೆ. ಹತ್ತರಲ್ಲಿ ಒಂದು ಹುಟ್ಟುವ ಬೀಜ ಹತ್ತು ಊರಿ ನೋಡಿ, ಎಲ್ಲವೂ ಸಾಯುವ ಸಂಭವ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ನೂರರಲ್ಲಿ ಒಂದು ಹುಟ್ಟುವ ಬೀಜ ನೂರು ಊರಿ, ಮತ್ತೆ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ದಾಳಕ್ಕೂ ಸೌತೆಗೂ ಏನು ಸಂಬಂಧ ಹೇಳಿ? ಎರಡರ ಹಿಂದೆಯೂ ಅಳತೆಗೋಲು ಹಿಡಿದವನು ಒಬ್ಬನೇ ನಿಂತಿದ್ದಾನೆ. ಇದನ್ನು ತರಗತಿಯಲ್ಲಿ ಹೇಳುವಾಗ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಮಕ್ಕಳು ಗಂಟೆ ಹೊಡೆಯುವುದನ್ನು ಕಾಯುತ್ತಾರೆ.

ಇಪ್ಪತ್ತು ಬೀಜಕ್ಕೂ ಗುಣಿಸಿದೆ. ಎಲ್ಲ ಸಾಯುವುದು ನೂರರಲ್ಲಿ ಹನ್ನೆರಡು. ಒಂದಾದರೂ ಬದುಕುವುದು ನೂರರಲ್ಲಿ ಎಂಬತ್ತೆಂಟು. "ಯವ್ವಾ, ಪಾಸಾದಂಗ ಬಿಡು, ಅದೂ ಡಿಸ್ಟಿಂಕ್ಷನ್‌ನ್ಯಾಗ" ಎಂದೆ. ಮನೆಯ ಮುಂದೆ ಮಡಿ ಮಾಡಿ, ಗೊಬ್ಬರ ಹಾಕಿ, ಹಂದಿ ಬರದಂತೆ ಜಾಳಿಗೆ ಕಟ್ಟಿ, ಮಳೆಗೆ ಕಾದೆ.

ಮಳೆ ಬಿತ್ತು. ಬೀಜ ಕೇಳಿದರೆ ಅವ್ವ ಐದೇ ಬೀಜ ಕೈಗಿಟ್ಟಳು.

"ಉಳಿದಾವು ಎಲ್ಲಿ?"

"ಗಂಗವ್ವಗ ಐದು ಕಳಿಸೀನಿ. ಹಿಂದಿನ ಓಣ್ಯಾಗಿನ ಮಾಲನಬಿಗೆ ಐದು. ಕಂಡಕ್ಟರಗ ಐದು."

"ಯಾವ ಕಂಡಕ್ಟರ?"

"ನಮ್ಮ ಬಸ್ಸಿನವ ಅಲ್ಲೇನೋ. ಅಳ್ನಾವರದಾವ. ಅವರವ್ವ ಕಾಯಿಪಲ್ಯಾ ಭಾಳ ಛಲೋ ಬೆಳೀತಾಳಂತ. ಬಸ್ ನಿಂತಾಗ ಹೇಳಿದ್ದ."

ನನಗೆ ನೆತ್ತಿಗೇರಿತು. ಜಗತ್ತಿನಲ್ಲಿ ಉಳಿದ ಇಪ್ಪತ್ತು ಬೀಜದಲ್ಲಿ ಐದನ್ನು ಟಿಕೀಟು ಹರಿಯುವವನ ಚೀಲಕ್ಕೆ! "ನಿನ್ನ ತಲಿ ಕೆಟ್ಟೈತೇನಬೇ? ಎಂಬತ್ತೆಂಟು ಇತ್ತು! ಐದು ಬೀಜಕ್ಕ ನಲವತ್ತೊಂದರ ಮ್ಯಾಲೆ ಬರೂದಿಲ್ಲ!" ಎಂದು ಕೂಗಾಡಿದೆ.

"ಹೋದ ಸರ್ತಿ ಎಲ್ಲಾರೂ ಇನ್ನೊಬ್ಬರ ಹತ್ರ ಐತಿ ಅಂತ ಕುಂತ್ವಿ. ಈ ಸರ್ತಿ ಖರೇನ ಇನ್ನೊಬ್ಬರ ಹತ್ರ ಇರಲಿ ಅಂತ ಕೊಟ್ಟೀನಿ" ಎಂದಳು ಅವ್ವ, ಮತ್ತೆ ರೊಟ್ಟಿ ಬಡಿಯಲು ಕೂತಳು. ರೊಟ್ಟಿಯ ಸಪ್ಪಳದ ಮುಂದೆ ನನ್ನ ಗಣಿತ ಕೇಳಿಸಲಿಲ್ಲ.

ಐದನ್ನೇ ಊರಿದೆ. ಮರುವಾರ ಮಳೆ ಹಿಡಿದದ್ದು ಬಿಡಲಿಲ್ಲ. ನಮ್ಮ ಎರೆಮಣ್ಣು ನಿಮಗೆ ಗೊತ್ತಲ್ಲ, ನೀರು ಕುಡಿದರೆ ಬಿಡುವುದೇ ಇಲ್ಲ. ಚಪ್ಪಲಿ ಹೂತು ಕಾಲು ಮಾತ್ರ ಮೇಲೆ ಬರುತ್ತದೆ. ಮಡಿ ಕೆರೆಯಾಯಿತು. ಕೆದರಿ ನೋಡಿದರೆ ಐದೂ ಬೀಜ ಕೊಳೆತು ಲೋಳೆಯಾಗಿದ್ದವು. ಆಗ ನಾನು ಆ ಕೆಸರಲ್ಲಿ ನಿಂತು, ಪ್ರತಿ ವರ್ಷ ಹಲಗೆಯ ಮೇಲೆ ನಾನೇ ಬರೆಯುವ ಮಾತನ್ನು ಮೊದಲ ಸಲ ಓದಿದಂತೆ ಓದಿಕೊಂಡೆ. ಹಾಗೆ ಗುಣಿಸಬೇಕಾದರೆ ಒಂದರ ಸುದ್ದಿ ಇನ್ನೊಂದಕ್ಕೆ ತಾಕಬಾರದು. ದಾಳದ ಎಸೆತಗಳು ಹಾಗಿರುತ್ತವೆ. ಒಂದೇ ಮಡಿಯ ಬೀಜಗಳು ಹಾಗಿರುವುದಿಲ್ಲ. ಇಪ್ಪತ್ತನ್ನೂ ಇಲ್ಲೇ ಊರಿದ್ದರೆ ಇಪ್ಪತ್ತೂ ಕೂಡಿ ಒಂದೇ ಬೀಜವಾಗಿರುತ್ತಿದ್ದವು, ಒಂದೇ ಮಳೆಗೆ ಹೋಗಿರುತ್ತಿದ್ದವು. ನನ್ನ ಎಂಬತ್ತೆಂಟು ಬರೀ ಸುಳ್ಳು. ಅವ್ವನಿಗೆ ಈ ಸೂತ್ರ ಗೊತ್ತಿತ್ತು ಎಂದು ನಾನೇನೂ ಹೇಳುತ್ತಿಲ್ಲ. ಆಕೆಗೆ ಗೊತ್ತಿದ್ದದ್ದು ತನ್ನ ಹೆದರಿಕೆ ಮಾತ್ರ.

ಅಷ್ಟರಲ್ಲಿ ದುಮ್ಮವಾಡದಿಂದ ಚಿಗವ್ವನ ಫೋನು. "ಅಕ್ಕಾ, ಒಂದು ಎದ್ದೈತಿ! ಎರಡೆಲಿ ಆಗೇತಿ!" ಅವ್ವ ಅಂಗಳದಲ್ಲೇ ನಿಂತು ಅತ್ತಳು, ನಕ್ಕಳು, ಸಕ್ಕರೆ ಹಂಚಿದಳು. ನಾಲ್ಕು ದಿನ ಆಕೆಯ ಮೊಣಕಾಲಿಗೂ ನೋವಿರಲಿಲ್ಲ. ಆಮೇಲೆ ಇನ್ನೊಂದು ಫೋನು. ಕಟ್ಟಿದ್ದ ಕರು ಹಗ್ಗ ಹರಿದು ಬಂದು ತಿಂದುಬಿಟ್ಟಿತ್ತು. ನನ್ನ ಲೆಕ್ಕದಲ್ಲಿ ಕರು ಇರಲೇ ಇಲ್ಲ. ಕಂಡಕ್ಟರನೂ ಒಂದು ದಿನ ಬಸ್ಸಿನ ಬಾಗಿಲಲ್ಲಿ ನಿಂತು ಮುಖ ಸಣ್ಣದು ಮಾಡಿದ. "ಕಾಡಹಂದಿ ಬಂದ್ವು ಸರ. ಮಡೀನ ಉಳುಮಿ ಮಾಡಿ ಹೋದ್ವು. ನಿಮ್ಮವ್ವಾರಿಗೆ ಹೆಂಗ ಹೇಳೂದ್ರಿ?"

ನಾನೇ ಹೇಳಿದೆ. ಅವ್ವ ಕೇಳಿ "ಹೋತು ಬಿಡು" ಎಂದಳು. ಆ ರಾತ್ರಿ ಊಟ ಮಾಡಲಿಲ್ಲ. ಒಬ್ಬ ಹೆಂಗಸಿಗೆ ತಾಯಿ ಎರಡು ಸಲ ಸತ್ತರೆ ಹೇಗಿರುತ್ತದೆ ಎಂದು ನಾನು ಕಂಡೆ, ಹತ್ತಿರ ಹೋಗಿ ಕೂರುವ ಧೈರ್ಯ ಬರಲಿಲ್ಲ.

ಮಾಲನಬಿ ಚಾಚಿಯನ್ನು ನಾವು ಮರೆತೇ ಇದ್ದೆವು. ಆಕೆ ಹಿಂದಿನ ಓಣಿಯವಳು, ಜಮಖಾನೆ ನೇಯುತ್ತಾಳೆ. ಅವಳ ಅಂಗಳವೂ ಕೆರೆಯಾಗಿತ್ತಾದ್ದರಿಂದ ಅಲ್ಲಿ ಕೇಳುವುದೇನೂ ಇಲ್ಲ ಎಂದುಕೊಂಡಿದ್ದೆವು. ಮಳೆ ಹೊಳವಾದ ಮೇಲೆ ಒಂದು ಮಧ್ಯಾಹ್ನ ಆಕೆ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡು, ಕಳ್ಳಿಯ ಹಾಗೆ ಒಳಗೆ ಬಂದಳು.

"ನೀಲವ್ವಾ, ಬೈಬ್ಯಾಡ. ಮಗ್ಗದ ಮ್ಯಾಲೆ ದೊಡ್ಡ ಜಮಖಾನಿ ಇತ್ತು, ಮದುವಿ ಮನೀದು. ನೀ ಕೊಟ್ಟದ್ದು ಸೆರಗಿನ ಗಂಟಿನ್ಯಾಗ ಕಟ್ಟಿದ್ದೆ. ಆ ಸೀರಿ ಟ್ರಂಕಿಗೆ ಹೋತು. ನಾ ಮರತೇ ಬಿಟ್ನೆವ್ವಾ."

ಗಂಟು ಬಿಚ್ಚಿದಳು. ಐದು ಬೀಜ, ಒಣಗಿದವು, ಗಟ್ಟಿಯಾದವು.

ಶಕುಂತಲಾ ನನ್ನ ಕಿವಿಯಲ್ಲಿ "ಹದಿನೈದು ಹೋದ್ವು, ಇನ್ನ ಇವೇನು ಹುಟ್ತಾವ್ರಿ?" ಎಂದಳು. ನನಗೆ ಮೈ ಜುಮ್ಮೆಂದಿತು. ಏಕೆಂದರೆ ಆ ಹದಿನೈದು ಸತ್ತ ಸುದ್ದಿ ಈ ಐದಕ್ಕೆ ಗೊತ್ತೇ ಇರಲಿಲ್ಲ. ಅವು ಟ್ರಂಕಿನಲ್ಲಿದ್ದವು. ಮಳೆ, ಕರು, ಹಂದಿ ಯಾವುದೂ ಅವುಗಳ ಪಾಲಿಗೆ ನಡೆದೇ ಇರಲಿಲ್ಲ. ಅವುಗಳ ನಲವತ್ತೊಂದು ಮೊದಲ ದಿನ ಇದ್ದಷ್ಟೇ ಇತ್ತು, ಒಂದು ಕೂದಲೆಳೆ ಕಡಿಮೆಯಾಗಿರಲಿಲ್ಲ. ಎಷ್ಟೇ ಸೋತ ಮೇಲೂ ದಾಳಕ್ಕೆ ಸೋಲಿನ ನೆನಪಿರುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಪಾಠ ಮಾಡಿದವನು ನಾನು. ಅದು ಇಷ್ಟು ದೊಡ್ಡ ದಯೆ ಎಂದು ಅಂದು ತಿಳಿಯಿತು.

"ಏನೋ ಮಾಸ್ತರ, ಲೆಕ್ಕಾ ಹೇಳವಲ್ಲಿ?" ಎಂದಳು ಅವ್ವ.

"ಗೊತ್ತಿಲ್ಲಬೇ" ಎಂದೆ. ನಲವತ್ತೊಂದು ಎಂದು ಹೇಳಲು ನಾಲಿಗೆ ಏಳಲಿಲ್ಲ. ಐದೂ ಸಾಯುವ ಐವತ್ತೊಂಬತ್ತು ನನ್ನ ಎದುರಿಗೆ ಕೂತಿತ್ತು.

ಬೀಜ ಮರಳಿ ಮಾಲನಬಿ ಚಾಚಿಗೇ ಹೋದವು. ಆಕೆ ನೂಲಿಗೆ ಬಣ್ಣ ಹಾಕುವ ಹಳೆಯ ಹಂಡೆಗೆ ತೂತು ಹೊಡೆಸಿ, ಮರಳು ಮಣ್ಣು ತುಂಬಿ ಊರಿದಳು. ಅವ್ವ ದಿನಾ ಬೆಳಿಗ್ಗೆ ಚಹಾ ಕುಡಿಯುವ ನೆವದಲ್ಲಿ ಆ ಓಣಿಗೆ ಹೋಗುವಳು. ಒಂದು ದಿನ ಚಹಾ ಆರಿಹೋಗುವಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಇಬ್ಬರು ಮುದುಕಿಯರೂ ಹಂಡೆಯ ಎರಡು ಬದಿಗೆ ಕೂತಿದ್ದರು. ಹಂಡೆಯ ನಡುವೆ, ಬೀಜದ ಸಿಪ್ಪೆಯನ್ನು ಟೊಪ್ಪಿಗೆಯಂತೆ ತಲೆಯ ಮೇಲಿಟ್ಟುಕೊಂಡು, ಒಂದು ಮೊಳಕೆ ಎದ್ದಿತ್ತು. ಒಂದೇ. ನಾನೂ ನೆಲಕ್ಕೆ ಕೂತುಬಿಟ್ಟೆ. ಇಲ್ಲ ಇಲ್ಲ ಎಂದು ಗುಣಿಸುತ್ತ ಗುಣಿಸುತ್ತ ಹೋದದ್ದರ ಆಚೆ ಉಳಿದ ಚೂರು ಅದು. ಒಂದರಿಂದ ಕಳೆದು ಉಳಿದದ್ದು ಹಸಿರಾಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಳ್ಳಿ ಮಾಲನಬಿಯ ಛಾವಣಿ ಹತ್ತಿತು. ಮೊದಲ ಕಾಯಿ ಬೀಜಕ್ಕೆ. ಅದನ್ನು ಯಾರೂ ಹರಿಯದಂತೆ ಚಾಚಿ ಮಗ್ಗದ ಕೆಂಪು ನೂಲು ಕಟ್ಟಿದಳು. ಎರಡನೆಯದನ್ನು ಎಳೆಯದಾಗಿದ್ದಾಗಲೇ ಮುರಿದು ಅರ್ಧ ಅವ್ವನ ಕೈಗಿತ್ತಳು. ಮುರಿದ ವಾಸನೆ ಓಣಿಯೆಲ್ಲ ಹರಡಿತು. ಅವ್ವ ತೊಟ್ಟಿನ ಕಡೆಯಿಂದ ಕಚ್ಚಿದಳು. ತುದಿಯ ಹುಳಿ ಬಂದಾಗ ಕಣ್ಣು ಮುಚ್ಚಿದಳು. "ನಮ್ಮವ್ವ ಬಂದ್ಲು" ಎಂದಳು, ಬಾಯಲ್ಲಿ ಸೌತೆಕಾಯಿ ಇಟ್ಟುಕೊಂಡೇ ಅತ್ತಳು.

ನೂಲು ಕಟ್ಟಿದ ಕಾಯಿ ಹಳದಿಯಾಗಿ ಬಿರಿದ ಮೇಲೆ ಬೀಜ ತೆಗೆದೆವು. ಪರಾತದ ತುಂಬ ಬೀಜ. ನಾನು ಎಣಿಸಲಿಲ್ಲ. ಮಾಲನಬಿಗೆ, ಚಿಗವ್ವನಿಗೆ, ಸೋದರಮಾವನಿಗೆ ಬೇರೆ ಬೇರೆ ಪುಡಿಕೆ ಕಟ್ಟಿದೆವು. ಕಂಡಕ್ಟರನ ಪುಡಿಕೆಯನ್ನು ನಾನೇ ಬಸ್ಸಿನವರೆಗೆ ಓಡಿ ಹೋಗಿ ಕೊಟ್ಟು ಬಂದೆ. ಉಳಿದದ್ದಕ್ಕೆ ಅವ್ವ ಸಗಣಿ ಕಲಸಿದಳು. ಪಡಸಾಲೆಯ ಕೆನೆಬಣ್ಣದ ನಡುವೆ ಬಸು ಅಜ್ಜಿಯ ತಟ್ಟಿನ ಸುತ್ತ ಒಂದು ಚೌಕ ಬಿಟ್ಟು ಬಳಿದಿದ್ದ. ಅದರ ಬಾಜು, ಹೊಸ ಬಣ್ಣದ ಮೇಲೇ, ಅವ್ವ ಫಟ್ಟೆಂದು ತಟ್ಟಿದಳು. "ನೀನೂ ಒಂದು ಒತ್ತು ಬಾರೋ" ಎಂದಳು. ಹಸಿ ಸಗಣಿಯಲ್ಲಿ ನನ್ನ ನಾಲ್ಕು ಬೆರಳು ಇಳಿದವು.

ಶಕುಂತಲಾ ಕೆನೆಬಣ್ಣವನ್ನೂ ಸಗಣಿಯನ್ನೂ ನೋಡುತ್ತ ನಿಂತಳು. ಬೈಯುತ್ತಾಳೆ ಎಂದುಕೊಂಡೆ. "ಪೆಟ್ಟಿಗಿ ಬ್ಯಾರೆ ಕಡೆ ಇಡೂಣು. ಇದು ದಿನಾ ಕಣ್ಣಿಗೆ ಕಾಣಲಿ" ಎಂದಳು.

"ಬ್ಯಾಡವ್ವಾ" ಎಂದಳು ಅವ್ವ, ಕೈ ತೊಳೆಯುತ್ತ. "ನೆನಪಿಟ್ಟವರು ಎಲ್ಲಾ ಕಳಕೊಂಡ್ವಿ. ಮರತದ್ದ ಉಳೀತು. ಸರಸ್ರಿ ಪೆಟ್ಟಿಗಿ ಅದರ ಮುಂದ."

ಬಸು ಇರಲಿಲ್ಲ, ಗಂಡ ಹೆಂಡತಿಯೇ ಉಸಿರು ಬಿಗಿಹಿಡಿದು ಪೆಟ್ಟಿಗೆ ಸರಿಸಿದೆವು. ಗೋಡೆಗೆ ತಾಗುವ ಮೊದಲು, ಅಂದು ಇದೇ ಪೆಟ್ಟಿಗೆಯ ಹಿಂದೆ ಸಿಕ್ಕು ನನ್ನ ಕಿಸೆ ಸೇರಿದ್ದ ಲೂಡೋ ದಾಳವನ್ನೂ ಅದರ ಹಿಂದೆ ಹಾಕಿದೆ. ಎಷ್ಟು ಬಿತ್ತೆಂದು ಬಗ್ಗಿ ನೋಡಲಿಲ್ಲ.